ಐಬು ತೋರಿಸಿ ಮಾರುವುದು

ನನ್ನ ಆಪಾಳ ಮಗನಿಗೆ ಹಳೆಯ ಕಾರುಗಳ ಹುಚ್ಚು. ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಕೆಲಸಕ್ಕೆ ಸೇರಿ ನಾಲ್ಕು ವರ್ಷ ಹಣ ಕೂಡಿಟ್ಟವನು ಒಂದು ದಿನ ಬಂದು, "ಮಾಮು, ಸ್ಪೋರ್ಟ್ಸ್ ಕಾರು ತಗೋತೀನಿ, ನೀವೂ ನೋಡೋಕೆ ಬನ್ನಿ" ಅಂದ. ನಾನು ಏನೇನೋ ಕಲ್ಪಿಸಿಕೊಂಡು ಹೋದರೆ, ಬಸವೇಶ್ವರನಗರದ ಮನೆಯೊಂದರ ಶೆಡ್ಡಿನಲ್ಲಿ ನಿಂತಿದ್ದದ್ದು ಎರಡು ಬಾಗಿಲಿನ ಹಳೆಯ ಸ್ಟ್ಯಾಂಡರ್ಡ್ ಹೆರಾಲ್ಡ್.

"ಇದು ಸ್ಪೋರ್ಟ್ಸ್ ಕಾರೇನೋ?" ಎಂದು ನಕ್ಕೆ. ಅವನು ಸೋಲಲಿಲ್ಲ. ಇಟಲಿಯ ಜಿಯೊವಾನಿ ಮಿಕೆಲೊಟ್ಟಿ ರೂಪಿಸಿದ ಈ ಕಾರು ಬ್ರಿಟನ್ನಿನಲ್ಲಿ 1959ರಲ್ಲಿ ಟ್ರಯಂಫ್ ಹೆರಾಲ್ಡ್ ಎಂಬ ಹೆಸರಲ್ಲಿ ಬಂತು. 1961ರಿಂದ ಮದ್ರಾಸಿನ ಸ್ಟ್ಯಾಂಡರ್ಡ್ ಕಂಪನಿ ಇಲ್ಲಿ ತಯಾರಿಸಿತು. ಇದರ ಚಾಸಿಸ್ಸನ್ನೇ ಗಿಡ್ಡ ಮಾಡಿ, ಇದೇ ವಂಶದ ಎಂಜಿನ್ ಇಟ್ಟು 1962ರಲ್ಲಿ ಬ್ರಿಟನ್ನಿನವರು ಸ್ಪಿಟ್‌ಫೈರ್ ಎಂಬ ಸ್ಪೋರ್ಟ್ಸ್ ಕಾರು ಮಾಡಿದರು. "ಸ್ಪಿಟ್‌ಫೈರ್ ನಮ್ಮಂಥವರಿಗೆ ಎಲ್ಲಿ ಸಿಗಬೇಕು ಮಾಮು, ಅದರ ಅಣ್ಣ ಸಾಕು" ಅಂದ.

ಜೊತೆಗೆ ಮಾಗಡಿ ರಸ್ತೆಯ ಉಸ್ತಾದರನ್ನು ಕರೆದೊಯ್ದಿದ್ದೆವು. ಎಪ್ಪತ್ತು ದಾಟಿದ ಮನುಷ್ಯ. ಓದು ಬರಹ ಕಡಿಮೆ. ಆದರೆ ಎಂಜಿನ್ನಿನ ಸದ್ದು ಕೇಳಿ ಅದರ ವಯಸ್ಸು ಹೇಳುತ್ತಾರೆಂದು ನಮ್ಮ ಕಡೆ ಹೆಸರು. ಹೆರಾಲ್ಡಿನ ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುತ್ತದೆ. ಮುಂದಿನ ಗಾಲಿಗಳೂ ಎಂಜಿನ್ನೂ ಪೂರ್ತಿ ಬಯಲಾಗುತ್ತವೆ. ಇಷ್ಟು ತೆರೆದುಕೊಳ್ಳುವ ಕಾರಿನಲ್ಲಿ ಮುಚ್ಚಿಡುವುದೇನಿದೆ ಎಂದುಕೊಂಡೆ. ಉಸ್ತಾದ್ ಮಾತ್ರ ಏನನ್ನೂ ನೋಡದೆ ಎಂಜಿನ್ನಿನ ಮೇಲೆ ಅಂಗೈ ಇಟ್ಟರು. ಬಿಸಿಯಿತ್ತು.

"ಮೇಷ್ಟ್ರೇ, ಆಗಲೇ ಸ್ಟಾರ್ಟ್ ಮಾಡಿದ್ರಾ?"

ಕಾರಿನ ಯಜಮಾನರು ನಿವೃತ್ತ ಹೈಸ್ಕೂಲು ಮೇಷ್ಟ್ರು. "ನೀವು ಬರ್ತೀರಿ ಅಂತ ಒಂದು ಸಲ ಓಡಿಸಿಟ್ಟೆ ಸಾಹೇಬ್ರೇ. ಬೆಳಿಗ್ಗೆ ಸ್ವಲ್ಪ ಕೆಮ್ಮುತ್ತೆ. ಬಂದವರ ಮುಂದೆ ಕೆಮ್ಮಬಾರದು ಅಂತ..." ಎಂದು ಸಂಕೋಚದಿಂದ ನಕ್ಕರು.

"ಹಾಗಾದ್ರೆ ನಾಳೆ ಬೆಳಿಗ್ಗೆ ಬರ್ತೀವಿ. ನಾವು ಬರೋವರೆಗೆ ಕೀಲಿ ಮುಟ್ಟಬೇಡಿ" ಎಂದು ಉಸ್ತಾದ್ ಹೊರಟೇಬಿಟ್ಟರು.

ದಾರಿಯಲ್ಲಿ ಹುಡುಗ ಸಿಡಿಮಿಡಿಗೊಂಡ. ಬಿಸಿ ಮಾಡಿಟ್ಟಿದ್ದಾರೆ ಎಂದರೆ ಏನೋ ಮುಚ್ಚಿಡುತ್ತಿದ್ದಾರೆ, ಈ ಕಾರು ಬೇಡ ಅಂದ. ಉಸ್ತಾದ್ ನಮ್ಮ ದಖನಿಯಲ್ಲಿ, "ಠಂಡಾ ಇಂಜನ್‌ಚ ಸಚ್ ಬೋಲ್ತಾ ಬೇಟಾ" ಎಂದರು. ತಣ್ಣಗಿರುವ ಎಂಜಿನ್ನೇ ನಿಜ ಹೇಳುವುದು. ಬಿಸಿಯಾದಾಗ ಲೋಹ ಹಿಗ್ಗಿ ಸಂದುಗಳು ಕಿರಿದಾಗುತ್ತವೆ. ಪಿಸ್ಟನ್ನಿನ ಬಡಿತ ಅಡಗುತ್ತದೆ. ಸ್ಟಾರ್ಟ್ ಆಗಲು ತಿಣುಕುವುದು ಗೊತ್ತಾಗುವುದಿಲ್ಲ, ರಾತ್ರಿಯಿಡೀ ಸೋರಿದ ಆಯಿಲ್ ಉಗುಳುವ ಮೊದಲ ಹೊಗೆ ಕಾಣುವುದಿಲ್ಲ. "ಮೇಷ್ಟ್ರು ನಾಚಿಕೆ ಮುಚ್ಚಿಟ್ಟಿದ್ದಾರೆ. ಐಬು ಮುಚ್ಚಿಟ್ಟಿದ್ದಾರೋ ಇಲ್ಲವೋ ನಾಳೆ ನೋಡೋಣ. ಎರಡೂ ಒಂದೇ ಅಲ್ಲ" ಎಂದರು.

ಆ ಮಾತು ನನಗೆ ಹೇಳಿದ್ದಲ್ಲ. ಆದರೂ ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

2001ರಲ್ಲಿ ನಾನೂ ಒಂದು ಕಾರು ಮಾರಿದ್ದೆ. ಅಬ್ಬಾ ತೀರಿಕೊಂಡು ವರ್ಷವಾಗಿತ್ತು. ಅವರು ಬಿಟ್ಟುಹೋದದ್ದು ಒಂದು ಪ್ರೀಮಿಯರ್ ಪದ್ಮಿನಿ ಮತ್ತು ಮೈಸೂರು ರಸ್ತೆಯಿಂದ ವಿಜಯನಗರದವರೆಗೆ ಪರಿಚಿತವಾಗಿದ್ದ ಒಳ್ಳೆಯ ಹೆಸರು. ಆಪಾಳ ನಿಕಾಹ್ ಗೊತ್ತಾಗಿತ್ತು, ಕೈಯಲ್ಲಿ ಹಣವಿರಲಿಲ್ಲ. ಕಾರಿನ ರಿಂಗುಗಳು ಸವೆದು ನೀಲಿ ಹೊಗೆ ಬರುತ್ತಿತ್ತು. ಒಬ್ಬ ಮೆಕ್ಯಾನಿಕ್ ಉಪಾಯ ಹೇಳಿಕೊಟ್ಟ. ಎಂಜಿನ್ ಆಯಿಲ್ ಬಸಿದು, ಗೇರ್ ಬಾಕ್ಸಿಗೆ ಹಾಕುವ 90 ನಂಬರಿನ ಮಂದ ಆಯಿಲ್ ಬೆರೆಸಿ ಹಾಕಿದರೆ ಕೆಲವು ವಾರ ಹೊಗೆಯೂ ಇಲ್ಲ, ಸದ್ದೂ ಇಲ್ಲ. ಹಾಕಿಸಿದೆ. ಕೊಳ್ಳಲು ಬಂದವರು ವಿಜಯನಗರದಲ್ಲಿ ಸಣ್ಣ ಕಿರಾಣಿ ಅಂಗಡಿ ಇಟ್ಟವರು. ಬಾನೆಟ್ ಎತ್ತಲು ಹೋದೆ. "ಬೇಡಪ್ಪ, ನಿಮ್ಮ ತಂದೆಯವರ ಗಾಡಿ ಅಂದ್ಮೇಲೆ ನೋಡೋದೇನಿದೆ" ಎಂದು ಹಣ ಎಣಿಸಿಕೊಟ್ಟರು.

ಎರಡು ತಿಂಗಳ ನಂತರ ಅವರು ಮನೆಗೆ ಬಂದರು. ಜಗಳಕ್ಕಲ್ಲ. "ಗಾಡಿ ತುಂಬ ಹೊಗೆ ಕಾರ್ತಿದೆ. ನಿಮ್ಮ ತಂದೆಯವರು ಯಾವ ಆಯಿಲ್ ಹಾಕ್ತಿದ್ರು, ಅದನ್ನೇ ಹಾಕಿ ನೋಡ್ತೀನಿ" ಎಂದು ಕೇಳಿದರು. ನಾನು ಯಾವುದೋ ಒಂದು ಹೆಸರು ಹೇಳಿದೆ. ಚಹಾ ಕುಡಿದು ಹೋದರು.

ಮದೀನಾದ ಮಾರುಕಟ್ಟೆಯ ಪ್ರಸಂಗ ಮದರಸಾದಲ್ಲಿ ಕಲಿತವರಿಗೆಲ್ಲ ಗೊತ್ತು. ಪ್ರವಾದಿಯವರು ಧಾನ್ಯದ ರಾಶಿಯೊಳಗೆ ಕೈಹಾಕಿದಾಗ ಒಳಗೆ ಒದ್ದೆ ತಗಲಿತು. ಮಳೆಗೆ ನೆನೆಯಿತು ಎಂದ ವ್ಯಾಪಾರಿ. ಹಾಗಾದರೆ ಒದ್ದೆ ಕಾಳನ್ನು ಜನರಿಗೆ ಕಾಣುವಂತೆ ಮೇಲೆ ಏಕೆ ಇಡಲಿಲ್ಲ ಎಂದು ಕೇಳಿ, ಮೋಸ ಮಾಡುವವನು ನಮ್ಮವನಲ್ಲ ಎಂದರು. ಕಾಳು ನೆನೆದದ್ದು ತಪ್ಪಲ್ಲ, ಅದನ್ನು ಅಡಿಗೆ ಹಾಕಿದ್ದು ತಪ್ಪು. ನಮ್ಮ ಫಿಕ್ಹ್‌ನಲ್ಲಿ ‘ಖಿಯಾರೆ ಐಬ್’ ಎಂಬ ಹಕ್ಕೇ ಇದೆ. ಮಾರುವಾಗ ಇದ್ದ, ಕೊಂಡವನಿಗೆ ತಿಳಿಯದ ಐಬು ಆಮೇಲೆ ಕಂಡರೆ ಆತ ಸರಕನ್ನು ಹಿಂದಿರುಗಿಸಬಹುದು. ನಮ್ಮ ದೇಶದ 1930ರ ಸರಕು ಮಾರಾಟ ಕಾಯ್ದೆ ಸಾಮಾನ್ಯವಾಗಿ ಕೊಳ್ಳುವವನೇ ಎಚ್ಚರವಾಗಿರಲಿ ಎನ್ನುತ್ತದೆ, ಕೆಲವು ವಿನಾಯಿತಿ ಬಿಟ್ಟು. ಎಚ್ಚರವಾಗಿರುವುದು ಸರಿಯೇ. ಆದರೆ ಎಚ್ಚರ ತಪ್ಪಿದವನನ್ನು ಮೋಸ ಮಾಡಬಹುದೆಂದು ಯಾವ ಕಾಯ್ದೆಯೂ ಹೇಳಿಲ್ಲ.

ಮರುದಿನ ಫಜರ್ ನಮಾಜು ಮುಗಿಸಿ ನೇರ ಬಸವೇಶ್ವರನಗರಕ್ಕೆ ಹೋದೆವು. ಎಂಜಿನ್ ತಣ್ಣಗಿತ್ತು. ಉಸ್ತಾದ್ ಮೊದಲು ಎಂಜಿನ್ನಿನ ಮೇಲೆ ಕೊರೆದ ನಂಬರನ್ನು ಆರ್‌ಸಿಯೊಂದಿಗೆ ಹೋಲಿಸಿದರು. 2021ರ ನಿಯಮದಂತೆ 50 ವರ್ಷ ದಾಟಿದ, ಮೂಲರೂಪ ಕೆಡದ ವಾಹನಗಳನ್ನು ವಿಂಟೇಜ್ ಎಂದು ನೋಂದಾಯಿಸಬಹುದು. ಎಂಜಿನ್ ಬದಲಾಗಿದ್ದರೆ ಅಲ್ಲಿ ತೊಡಕು. ಹಾಗೆ ನೋಂದಾಯಿಸಿದ ಕಾರನ್ನು ದಿನಾ ರಸ್ತೆಗಿಳಿಸುವಂತಿಲ್ಲ ಎಂಬುದನ್ನೂ ಹುಡುಗನಿಗೆ ನೆನಪಿಸಿದರು.

ಆಮೇಲೆ ರೇಡಿಯೇಟರಿನ ಮುಚ್ಚಳ ತೆಗೆದರು. ನೀರಿನ ಮೇಲೆ ಎಣ್ಣೆ ತೇಲುತ್ತಿರಲಿಲ್ಲ. ಆಯಿಲ್ ಅಳೆಯುವ ಕಡ್ಡಿ ಎಳೆದು ಬೆರಳಲ್ಲಿ ಉಜ್ಜಿದರು. ಬೆಣ್ಣೆಯಂಥ ಬಿಳಿ ನೊರೆಯಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಬೆರೆತಿದೆ ಎಂದರ್ಥ. ಅಂಟಂಟಾಗಿ ನೂಲೆಳೆದರೆ ಯಾರೋ ಮಂದ ಆಯಿಲ್ ಹಾಕಿದ್ದಾರೆ ಎಂದರ್ಥ. ಇದನ್ನು ಹೇಳುವಾಗ ಉಸ್ತಾದ್ ನನ್ನ ಕಡೆ ನೋಡಲಿಲ್ಲ, ನಾನು ನೆಲ ನೋಡಿದೆ. ಈ ಕಾರಿನಲ್ಲಿ ಎರಡೂ ಇರಲಿಲ್ಲ.

ಸ್ಟಾರ್ಟ್ ಮಾಡಿದಾಗ ಮೇಷ್ಟ್ರು ಹೇಳಿದಂತೆ ಕೆಮ್ಮಿತು, ಒಂದಿಷ್ಟು ನೀಲಿ ಹೊಗೆ ಬಂದು ತೆಳುವಾಯಿತು. ನೀಲಿ ಎಂದರೆ ಆಯಿಲ್ ಉರಿಯುತ್ತಿದೆ. ಆಕ್ಸಿಲರೇಟರ್ ಒತ್ತಿದಾಗಲೆಲ್ಲ ಬಂದರೆ ರಿಂಗು, ಇಳಿಜಾರಿನಲ್ಲಿ ಕಾಲೆತ್ತಿ ಮತ್ತೆ ಒತ್ತಿದಾಗ ಬುಸ್ಸೆಂದು ಬಂದರೆ ವಾಲ್ವ್ ಗೈಡು. ಕಪ್ಪಾದರೆ ಪೆಟ್ರೋಲು ಹೆಚ್ಚಾಗಿದೆ, ಕಾರ್ಬ್ಯುರೇಟರ್ ಸರಿಮಾಡಿದರೆ ಸಾಕು. ಬಿಸಿಯಾದ ಮೇಲೂ ಬಿಳಿ ಆವಿ ನಿಲ್ಲದಿದ್ದರೆ ಹಿಂದಿರುಗಿ ನೋಡದೆ ಮನೆಗೆ ಹೋಗಬೇಕು.

ಎಂಜಿನ್ ಬಿಸಿಯಾದ ಮೇಲೆ ನಾಲ್ಕೂ ಪ್ಲಗ್ ಬಿಚ್ಚಿ ಕಂಪ್ರೆಷನ್ ಗೇಜ್ ಹಾಕಿದರು. ಮೂರರಲ್ಲಿ 125ರ ಆಸುಪಾಸು, ಮೂರನೆಯ ಸಿಲಿಂಡರಿನಲ್ಲಿ 95. ಅದರೊಳಗೆ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಅಳೆದಾಗ 115ಕ್ಕೆ ಏರಿತು. ಆಯಿಲ್ ಸಂದು ಮುಚ್ಚಿದಾಗ ಏರಿತೆಂದರೆ ಸವೆದಿರುವುದು ರಿಂಗು. ಏರದಿದ್ದರೆ ವಾಲ್ವ್‌ನಲ್ಲಿ ಸೋರುತ್ತಿತ್ತು.

ಕೊನೆಯದು ಈ ಜಾತಿಯ ಎಂಜಿನ್ನಿನ ಹುಟ್ಟುರೋಗ. ಕ್ಲಚ್ ಒತ್ತಿದಾಗ ಕ್ರ್ಯಾಂಕ್ ಶಾಫ್ಟ್ ಮುಂದಕ್ಕೆ ಜರುಗದಂತೆ ತಡೆಯಲು ಅರ್ಧಚಂದ್ರಾಕಾರದ ತೆಳು ಥ್ರಸ್ಟ್ ವಾಷರುಗಳಿವೆ. ಅವು ಸವೆದು ಕಳಚಿ ಬಿದ್ದರೆ ಶಾಫ್ಟು ಎಂಜಿನ್ನಿನ ಬ್ಲಾಕನ್ನೇ ತಿನ್ನುತ್ತದೆ. ಹುಡುಗ ಕ್ಲಚ್ ಒತ್ತಿದ. ಮುಂದಿನ ಪುಲ್ಲಿ ಕಣ್ಣಿಗೆ ಕಾಣುವಷ್ಟು ಜರುಗಿತು. ಕಾಣಬಾರದಿತ್ತು.

ಹುಡುಗ ನನ್ನ ಕಿವಿಯಲ್ಲಿ ಉರ್ದುವಿನಲ್ಲಿ ಪಿಸುಗುಟ್ಟಿದ. ಎಂಜಿನ್ನೇ ಹೋಗಿದೆ ಎಂದು ಹೆದರಿಸಿದರೆ ಅರ್ಧ ಬೆಲೆಗೆ ಕೊಡುತ್ತಾರೆ. ಅದು ಉಸ್ತಾದರ ಕಿವಿಗೂ ಬಿತ್ತು. ಅವರು ಮೇಷ್ಟ್ರನ್ನು ಕರೆದು ಪುಲ್ಲಿಯ ಪಕ್ಕ ಕೂರಿಸಿ, ತಾವೇ ಕ್ಲಚ್ ಒತ್ತಿ ತೋರಿಸಿದರು. "ವಾಷರ್ ಸವೆದಿದೆ ಮೇಷ್ಟ್ರೇ. ಬಿದ್ದಿಲ್ಲ. ಎಂಜಿನ್ ಇಳಿಸಬೇಕಾಗಿಲ್ಲ, ಕೆಳಗಿನ ಸಂಪ್ ಬಿಚ್ಚಿ ಹಾಕಬಹುದು. ರಿಂಗು ಇನ್ನೊಂದು ವರ್ಷ ತಡೆಯುತ್ತೆ. ನೀವು ಬೇರೆಯವರಿಗೆ ಮಾರಿದರೂ ಇದನ್ನು ಹೇಳಿ" ಎಂದರು.

ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಇಷ್ಟು ವರ್ಷ ಓಡಿಸಿದೆ, ನನಗೇ ಗೊತ್ತಿರಲಿಲ್ಲವಲ್ಲ" ಎಂದರು. ರಿಪೇರಿಯ ಖರ್ಚು ಕಳೆದು ಬೆಲೆ ಗೊತ್ತಾಯಿತು. ಅವರು ಒಳಗಿನಿಂದ ಕಾಗದ ತಂದು ದುಂಡಗಿನ ಅಕ್ಷರದಲ್ಲಿ ಬರೆದರು. ಮೂರನೆಯ ಸಿಲಿಂಡರ್ ದುರ್ಬಲ, ಥ್ರಸ್ಟ್ ವಾಷರ್ ಸವೆದಿದೆ, ಬೆಳಿಗ್ಗೆ ಕೆಮ್ಮುತ್ತದೆ. ಕೆಳಗೆ ರುಜು ಹಾಕಿದರು. ಬೆಲೆ ಬರೆದದ್ದು ಆಮೇಲೆ.

ಹಿಂದಿರುಗುವಾಗ ಹುಡುಗ ಕೇಳಿದ, "ಮಾಮು, ಆಯಿಲ್ ವಿಷಯ ಬಂದಾಗ ನೀವ್ಯಾಕೆ ಹಾಗಾದ್ರಿ?" ಹೇಳಿದೆ. ಮಾಗಡಿ ರಸ್ತೆಯ ಸಿಗ್ನಲ್ಲಿನವರೆಗೆ ಅವನು ಮಾತಾಡಲಿಲ್ಲ. "ಅಮ್ಮಿಗೆ ಗೊತ್ತಾ?" ಎಂದ. ಇಲ್ಲ ಎಂದೆ.

ವಿಜಯನಗರಕ್ಕೆ ಹೋಗಿ ಹುಡುಕಿದೆ. ಆ ಅಂಗಡಿಯ ಜಾಗದಲ್ಲಿ ಮೊಬೈಲ್ ಅಂಗಡಿಯಿದೆ, ಹಳಬರು ಎಲ್ಲಿಗೆ ಹೋದರೆಂದು ಯಾರಿಗೂ ತಿಳಿಯದು. ಹಕ್ಕುದಾರರು ಸಿಗದಿದ್ದರೆ ಆ ಹಣವನ್ನು ಅವರ ಪರವಾಗಿ ಬಡವರಿಗೆ ಕೊಡಬೇಕೆಂದು ಮೌಲಾನಾ ಹೇಳಿದರು, ಕೊಟ್ಟೆ. ಆದರೆ ಅವರು ಹಣ ಕೊಟ್ಟದ್ದು ಎಂಜಿನ್ ನೋಡಿ ಅಲ್ಲ, ಅಬ್ಬಾರ ಹೆಸರು ನಂಬಿ. ಅದನ್ನು ಯಾರಿಗೆ ಹಿಂದಿರುಗಿಸಲಿ?

ಈ ಪತ್ರಿಕೆ ಅವರ ಮನೆಗೋ ಮಕ್ಕಳ ಮನೆಗೋ ತಲುಪುತ್ತದೋ ಇಲ್ಲವೋ. ಅಂದು ಅವರು ಕೇಳಿದ ಪ್ರಶ್ನೆಗೆ ಉತ್ತರ ಇಲ್ಲಿದೆ. ನನ್ನ ತಂದೆ ಹಾಕುತ್ತಿದ್ದದ್ದು ಆ ಆಯಿಲ್ ಅಲ್ಲ. ಅದನ್ನು ಹಾಕಿಸಿದವನು ನಾನು.