ಅಮ್ಮನಿಗೆ ಹಿತ, ಅಪ್ಪನಿಗೆ ಉರಿ

ನಮ್ಮೂರಲ್ಲಿ ಪೆಪ್ಪರಮೆಂಟು ಎಂದರೆ ಅಂಗಡಿಯ ಗಾಜಿನ ಭರಣಿಯಲ್ಲಿರುತ್ತಿದ್ದ ಮಿಠಾಯಿ. ಅದೊಂದು ಗಿಡವೆಂದು ನನಗೆ ಗೊತ್ತಾದದ್ದು ಕಾಲೇಜಿಗೆ ಬಂದ ಮೇಲೆ. ಪಲಾವಿಗೆ ಹಾಕುವ ಪುದೀನದ ನೆಂಟ; ಮೆಂಥಾಲ್ ಮಾತ್ರ ಇದರಲ್ಲಿ ಬಹಳ ಹೆಚ್ಚು. ಬಿಸಿ ಟೀ ಕುಡಿದರೂ ಬಾಯಿ ತಂಪೆನಿಸುವುದು, ಚಳಿಯನ್ನು ಗ್ರಹಿಸುವ ನರಗಳನ್ನು ಅದು ಕೆಣಕುವುದರಿಂದ.

ಊಟವಾದ ಮೇಲೆ ಹೊಟ್ಟೆ ಉಬ್ಬರಿಸುತ್ತದೆ ಎಂದು ಗೊಣಗುತ್ತಿದ್ದ ಅಮ್ಮನಿಗೆ ಒಂದು ಪೊಟ್ಟಣ ತಂದುಕೊಟ್ಟೆ. ಹಾಲಿಲ್ಲ, ಸಕ್ಕರೆಯಿಲ್ಲ. “ಇದೂ ಒಂದು ಟೀಯೇನೇ?” ಎಂದು ನಕ್ಕಳು. ಕುದಿನೀರಿಗೆ ಎಲೆ ಹಾಕಿ ಐದಾರು ನಿಮಿಷ ಮುಚ್ಚಿಡಬೇಕು. ಇಲ್ಲದಿದ್ದರೆ ಘಮವೆಲ್ಲ ಆವಿಯ ಜೊತೆ ಹೋಗುತ್ತದೆ. ಕೆಫೀನ್ ಇಲ್ಲದ್ದರಿಂದ ನಿದ್ದೆ ಕೆಡುವುದಿಲ್ಲ. ವಾರದೊಳಗೆ ರಾತ್ರಿಯ ಕಾಫಿ ಬಿಟ್ಟಳು.

ಅವಳನ್ನು ನೋಡಿ ಅಪ್ಪನೂ ಶುರುಮಾಡಿದರು. ಅವರಿಗೆ ಮೊದಲೇ ಎದೆಯುರಿ. ಒಂದು ರಾತ್ರಿ ಎದೆ ಹಿಡಿದುಕೊಂಡು ಎದ್ದು ಕೂತರು. ಆಟೋದಲ್ಲಿ ಆಸ್ಪತ್ರೆ ತಲುಪುವ ತನಕ ಯಾರೂ ಮಾತಾಡಲಿಲ್ಲ. ಇಸಿಜಿ ಸರಿಯಿತ್ತು. ರಾತ್ರಿ ಏನು ಕುಡಿದಿರಿ ಎಂದು ಡಾಕ್ಟರು ಕೇಳಿದರು. ಕರುಳಿನ ಸ್ನಾಯುಗಳನ್ನು ಸಡಿಲಿಸಿ ಅಮ್ಮನ ಹೊಟ್ಟೆಗೆ ಹಿತ ಕೊಡುವ ಅದೇ ಪೆಪ್ಪರ್‌ಮಿಂಟ್, ಅನ್ನನಾಳದ ತುದಿಯ ಬಿಗಿಯನ್ನೂ ಸಡಿಲಿಸಬಲ್ಲದಂತೆ. ಆಗ ಹೊಟ್ಟೆಯ ಆಮ್ಲ ಮೇಲೆ ಬರುತ್ತದೆ.

ಊಟವಾಗಿ 2–3 ಗಂಟೆ ಮಲಗಕೂಡದು ಎಂದೂ ಹೇಳಿ ಕಳಿಸಿದರು. ಆ ಹೊತ್ತು ಕಳೆಯಲು ಅಪ್ಪ ಈಗ ಅಮ್ಮನ ಜೊತೆ ಚೌಕಾಬಾರ ಆಡುತ್ತಾರೆ.