ಕಣ್ಣಿಗೂ ಕಂಪನಿ ಬಂತು

ಕಂಪನಿ ಅನ್ನೋ ಮಾತು ನಮ್ಮ ಕೇರಿಗೆ ಹೊಸದಲ್ಲ. ಕರಿಕಲ್ಲಿನ ಗುಡ್ಡ ಒಡೆಯೋಕೆ ಬಂದದ್ದು ಕಂಪನಿ. ಗುಡ್ಡ ಮುಗಿದ ಮೇಲೆ ಬಾಕಿ ಕೂಲಿ ಕೊಡದೆ ಎದ್ದು ಹೋದದ್ದೂ ಕಂಪನಿ. ಕಲ್ಲಿನ ಚೂರು ಸಿಡಿದು ಒಂದು ಕಣ್ಣು ಕಳಕೊಂಡವರು ನಮ್ಮ ಬೀದಿಯಲ್ಲೇ ಇದ್ದಾರೆ. ಆ ಕಣ್ಣು ನೋಡುವ ಡಾಕ್ಟರೂ ಒಂದು ದಿನ ಕಂಪನಿಯ ಪಾಲಾಗುತ್ತಾರೆ ಅಂತ ಯಾರು ಅಂದುಕೊಂಡಿದ್ದರು?

ವ್ಯವಹಾರ ನಡೆಯುವ ರೀತಿ ಹೀಗೆ. ಜಿಲ್ಲಾ ಪಟ್ಟಣದಲ್ಲಿ ಮೂವತ್ತು ವರ್ಷ ಕಣ್ಣು ನೋಡಿದ ಡಾಕ್ಟರು. ಮಕ್ಕಳು ಪರದೇಶ ಸೇರಿದ್ದಾರೆ. ಹೊಸ ಮಿಷನ್ನಿಗೆ ಲಕ್ಷಗಟ್ಟಲೆ ಸುರಿಯಲು ವಯಸ್ಸಿಲ್ಲ. ಆಗ ದೇಶದ ತುಂಬ ಶಾಖೆ ಇಟ್ಟವರು ಬಂದು, "ನೀವೆಲ್ಲೂ ಹೋಗಬೇಡಿ ಸಾರ್, ಅದೇ ಕುರ್ಚಿಯಲ್ಲಿ ಕೂತಿರಿ, ಲೆಕ್ಕಪತ್ರದ ತಲೆನೋವು ನಮಗೆ ಬಿಡಿ" ಅನ್ನುತ್ತಾರೆ. ಅರ್ಧಕ್ಕಿಂತ ಹೆಚ್ಚು ಪಾಲು ಅವರದ್ದಾಗುತ್ತದೆ. ಡಾಕ್ಟರಿಗೆ ಒಂದು ಗಂಟು, ತಿಂಗಳ ಸಂಬಳ, ಜೊತೆಗೆ ಕೆಲವು ವರ್ಷ ಅದೇ ಊರಲ್ಲಿ ಬೇರೆ ಬೋರ್ಡು ಹಾಕಬಾರದೆಂಬ ಕರಾರು. ಲೆನ್ಸು, ಔಷಧಿ, ದರ ಎಲ್ಲ ಹೆಡ್ಡಾಫೀಸಿನಿಂದ ಬರುತ್ತವೆ.

ಇದರ ಹಿಂದೆ ಇರುವ ದುಡ್ಡು ಎಲ್ಲಿಯದು? 2000ರಿಂದಲೇ ಆಸ್ಪತ್ರೆಗಳಲ್ಲಿ ನೂರಕ್ಕೆ ನೂರು ವಿದೇಶಿ ಬಂಡವಾಳಕ್ಕೆ ಬಾಗಿಲು ತೆರೆದಿದೆ. ಬೆಂಗಳೂರಿನಲ್ಲಿ 1989ರಲ್ಲಿ ಡಾಕ್ಟರುಗಳೇ ಸೇರಿ ಶುರುಮಾಡಿದ ಕ್ಯಾನ್ಸರ್ ಆಸ್ಪತ್ರೆ ಊರೂರಿನ ತಜ್ಞರನ್ನು ಪಾಲುದಾರರಾಗಿ ಸೇರಿಸಿಕೊಂಡು ಎಚ್‌ಸಿಜಿ ಆಗಿ ಬೆಳೆಯಿತು. 2016ರಲ್ಲಿ ಷೇರುಪೇಟೆಗೆ ಹೋಯಿತು. 2020ರಲ್ಲಿ ಅದರ ಹಿಡಿತ ಸಿವಿಸಿ ಎಂಬ ವಿದೇಶಿ ಹೂಡಿಕೆದಾರರಿಗೆ, 2025ರಲ್ಲಿ ಅವರಿಂದ ಕೆಕೆಆರ್ ಎಂಬ ಇನ್ನೊಬ್ಬರಿಗೆ ಹೋಯಿತು. ಕಣ್ಣಿನದೂ ಇದೇ ದಾರಿ. ತಿರುಚ್ಚಿಯ ವಾಸನ್ ಸರಣಿ ಸಾಲದಲ್ಲಿ ಮುಳುಗಿ 2023ರಲ್ಲಿ ಜೋಧಪುರದ ಎಎಸ್‌ಜಿ ಕೈಗೆ ಬಂತು. ಹಿಂದೆ ಜಮೀನು ಕೈ ಬದಲಾಯಿಸಿದಾಗ ಗೇಣಿದಾರನನ್ನು ಕೇಳುತ್ತಿರಲಿಲ್ಲ. ಈಗ ರೋಗಿಯನ್ನೂ ಕೇಳುವುದಿಲ್ಲ.

ಕಾನೂನು ಕೇಳಬಹುದಲ್ಲ ಅಂತ ಒಬ್ಬ ವಿದ್ಯಾರ್ಥಿ ಗೆಳೆಯ ಅಂದ. ಕಂಪನಿಗಳ ವಿಲೀನ ಪರಿಶೀಲಿಸುವ ಸ್ಪರ್ಧಾ ಆಯೋಗ ಇದೆ ನಿಜ. ಆದರೆ 2024ರ ನಿಯಮದಂತೆ, ಮಾರಾಟವಾಗುವ ಸಂಸ್ಥೆಯ ಆಸ್ತಿ 450 ಕೋಟಿಯೊಳಗೋ ವಹಿವಾಟು 1,250 ಕೋಟಿಯೊಳಗೋ ಇದ್ದರೆ ಸಾಮಾನ್ಯವಾಗಿ ಅದರ ಮುಂದೆ ಹೋಗಬೇಕಿಲ್ಲ. ತಾಲ್ಲೂಕು ಕ್ಲಿನಿಕ್ಕು ಯಾವ ಲೆಕ್ಕ! ಒಂದೊಂದೇ ಕೊಂಡರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಜಿಲ್ಲೆಯೆಲ್ಲ ಕೊಂಡ ಮೇಲೆ ನೋಡಿ ಪ್ರಯೋಜನವಿಲ್ಲ. ಅಮೆರಿಕದ ಟೆಕ್ಸಾಸಿನಲ್ಲಿ ಅರಿವಳಿಕೆ ಡಾಕ್ಟರುಗಳ ಗುಂಪುಗಳನ್ನು ಹೀಗೇ ಒಂದೊಂದಾಗಿ ಕೊಂಡು ದರ ಏರಿಸಿದರೆಂದು ಅಲ್ಲಿನ ಸರ್ಕಾರಿ ಆಯೋಗ ಒಂದು ಕಂಪನಿಯ ಮೇಲೆ ದಾವೆ ಹೂಡಿದ್ದು 2023ರಲ್ಲಿ. ಆ ಕೊಳ್ಳುವಿಕೆ ಶುರುವಾಗಿದ್ದು 2012ರಲ್ಲಿ.

ಈಗ ನನ್ನವ್ವನ ಮಾತು. ಅವಳ ಬಲಗಣ್ಣಿನ ಪೊರೆ ತೆಗೆದದ್ದು ಹಳೇ ಡಾಕ್ಟರು, ಬೋರ್ಡು ಬದಲಾಗೋ ಮುಂಚೆ. ಅರ್ಧ ದುಡ್ಡು ಆಗ ಕೊಟ್ಟೆವು, ಅರ್ಧ ರಾಗಿ ಮಾರಿದ ಮೇಲೆ. ಎಡಗಣ್ಣಿಗೆ ಹೋದಾಗ ಕಟ್ಟಡ ಅದೇ, ಡಾಕ್ಟರೂ ಅವರೇ. ಕೌಂಟರಿನ ಹುಡುಗಿ ಮೂರು ಬಗೆಯ ಲೆನ್ಸಿನ ಪಟ್ಟಿ ಮುಂದಿಟ್ಟು, "ಯಾವ ಪ್ಯಾಕೇಜು ಅಮ್ಮ?" ಅಂದಳು. ಅವ್ವ ಒಳಗೆ ಹೋಗಿ, "ಸ್ವಾಮಿ, ಹೋದ ಸಲದಂಗೇ ಸುಗ್ಗೀಲಿ ಕೊಡ್ತೀನಿ" ಅಂದಳು. ಡಾಕ್ಟರು ಕಂಪ್ಯೂಟರ್ ಕಡೆ ನೋಡುತ್ತ, "ಈಗ ಅದು ನನ್ನ ಕೈಲಿಲ್ಲಮ್ಮ" ಅಂದರು.

"ನಿಮ್ಮಾಸ್ಪತ್ರೆನೇ ತಾನೆ?"

ಅವರು ಉತ್ತರ ಕೊಡಲಿಲ್ಲ. ಮುಖ ನೋಡಿದರೆ ಕೂಲಿ ಕೇಳಿ ಬೈಸಿಕೊಂಡ ಆಳಿನ ಮುಖದ ಹಾಗಿತ್ತು.

ಊರವರು "ಹಳೇ ಡಾಕ್ಟ್ರ ಕಾಲವೇ ಚೆನ್ನಾಗಿತ್ತು" ಅಂತ ಗೋಳಾಡುತ್ತಾರೆ. ನಾನು ಒಪ್ಪುವುದಿಲ್ಲ. ಆ ಕಾಲದಲ್ಲಿ ಊರು ಕೇಳಿದ ಮೇಲೆ "ಊರೊಳಗಾ, ಕೇರಿಲಾ?" ಅಂತ ಇನ್ನೊಂದು ಪ್ರಶ್ನೆ ಇತ್ತು. ನಾವು ಜಗಲಿಯ ತುದಿಯಲ್ಲಿ ಕೂತು ಎಲ್ಲರಾದ ಮೇಲೆ ಒಳಗೆ ಹೋಗಬೇಕಿತ್ತು. ಬಿಟ್ಟುಕೊಟ್ಟ ದುಡ್ಡಿಗೆ ಕೈಮುಗಿದು ನಿಲ್ಲಬೇಕಿತ್ತು. ಅದು ದಣಿಯ ದಯೆ. ಕಂಪನಿಯಲ್ಲಿ ಜಾತಿ ಕೇಳಲಿಲ್ಲ, ಅವ್ವ ಮೆತ್ತನೆ ಕುರ್ಚಿಯಲ್ಲಿ ಕೂತಳು, ಟೋಕನ್ನಿನ ಪ್ರಕಾರವೇ ಕರೆದರು. ನಮ್ಮ ಹುಡುಗರು ಇದನ್ನು ಮೆಚ್ಚುತ್ತಾರೆ, ಮೆಚ್ಚಬೇಕಾದದ್ದೇ. ಆದರೆ ಕೂರಿಸಿದವರು ಕಣ್ಣು ಕೊಡಲಿಲ್ಲವಲ್ಲ. ಒಬ್ಬ ಜಾತಿ ಕೇಳಿ ದುಡ್ಡು ಬಿಡುತ್ತಿದ್ದ, ಇನ್ನೊಬ್ಬ ಜಾತಿ ಬಿಟ್ಟು ದುಡ್ಡು ಕೇಳುತ್ತಾನೆ. ಇಬ್ಬರಲ್ಲಿ ಒಬ್ಬನನ್ನು ಆರಿಸಿಕೊಳ್ಳಿ ಅನ್ನುವ ಲೆಕ್ಕವೇ ನಮಗೆ ಬೇಡ.

ಮೂರನೆಯದು ಇಲ್ಲವೇ? ಬೀಳಗಿಯ ಡಾ. ಎಂ.ಸಿ. ಮೋದಿ ಹಳ್ಳಿಹಳ್ಳಿಗೆ ಶಿಬಿರ ಒಯ್ದು ಬಿಟ್ಟಿಯಾಗಿ ಪೊರೆ ತೆಗೆದರು. ಕುರುಡುತನ ತಡೆಯುವ ರಾಷ್ಟ್ರೀಯ ಕಾರ್ಯಕ್ರಮ 1976ರಿಂದ ಇದೆ. ಖಾಸಗಿ ಆಸ್ಪತ್ರೆಗಳ ದರಕ್ಕೆ ಮಿತಿ ಹಾಕಲು ನಮ್ಮ ಸರ್ಕಾರ 2017ರಲ್ಲಿ ಮಸೂದೆ ತಂದಾಗ ನವೆಂಬರಿನಲ್ಲಿ ಖಾಸಗಿ ಡಾಕ್ಟರುಗಳು ಮುಷ್ಕರ ಹೂಡಿದರು. ಸರ್ಕಾರ ಬಾಗಿತು. ದರ ನಿಗದಿ ಸರ್ಕಾರಿ ಯೋಜನೆಯ ರೋಗಿಗಳಿಗಷ್ಟೇ ಉಳಿಯಿತು. ಅಂದು ನಮ್ಮ ಸಂಘಟನೆಗಳು ಎಷ್ಟು ಜನ ಬೀದಿಗೆ ಬಂದೆವು ಅಂತ ಕೇಳಿದರೆ ಗೆಳೆಯರಿಗೆ ಬೇಸರವಾಗಬಹುದು, ಕೇಳಲೇಬೇಕು.

ಅವ್ವನ ಎಡಗಣ್ಣು ಮೂರು ತಿಂಗಳು ಕಾದು ದೂರದ ಸರ್ಕಾರಿ ಆಸ್ಪತ್ರೆಯಲ್ಲಿ ಆಯಿತು. ಅವಳಿಗೆ ಬಸ್ಸು ಫ್ರೀ, ನನಗೆ ಟಿಕೆಟ್ಟು. ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಕಣ್ಣಿನ ಆಪರೇಷನ್ ಕೋಣೆ ಇದೆ. ಬೀಗ ಹಾಕಿದೆ. ಕಣ್ಣಿನ ತಜ್ಞರ ಹುದ್ದೆ ಖಾಲಿ. ಸಂಘದ ಹುಡುಗರು, ಕೂಲಿ ಹೆಂಗಸರು, ನಾವು ನಾಲ್ಕು ಜನ ಮೇಷ್ಟ್ರುಗಳು ಸೇರಿ ಅರ್ಜಿ ಕೊಟ್ಟೆವು: ಹುದ್ದೆ ತುಂಬಿ, ಖಾಸಗಿಯವರು ದರಪಟ್ಟಿಯನ್ನು ಕನ್ನಡದಲ್ಲಿ ಬಾಗಿಲಿಗೆ ಹಾಕುವಂತೆ ಮಾಡಿ. ಫೈಲು ಬೆಂಗಳೂರಿಗೆ ಹೋಗಿದೆ ಅಂದರು. ಸೋಮವಾರ ಮತ್ತೆ ಹೋಗುತ್ತಿದ್ದೇವೆ. ನಿಮ್ಮ ತಾಲ್ಲೂಕಿನಲ್ಲಿ ಆ ಹುದ್ದೆ ತುಂಬಿದೆಯೋ ಇಲ್ಲವೋ ನೋಡಿ, ಪತ್ರಿಕೆಗೆ ಒಂದು ಕಾರ್ಡು ಬರೆದು ಹಾಕಿ.