ನಾಲ್ಕೂಕಾಲು ಅಂಗುಲದ ಗುಳಿ

ಅರಿಸಮಾಸವೆಂಬ ದೋಷವನ್ನು ನಾನು ಪ್ರತಿವರ್ಷವೂ ಪದವಿ ತರಗತಿಯ ಮಕ್ಕಳಿಗೆ ವಿವರಿಸುತ್ತೇನೆ. ಸಂಸ್ಕೃತ ಪದವನ್ನೂ ಕನ್ನಡ ಪದವನ್ನೂ ಕಂಡಕಂಡಂತೆ ಬೆಸೆಯಬಾರದೆಂದು ನಮ್ಮ ಹಿರಿಯ ಲಾಕ್ಷಣಿಕರ ಕಟ್ಟಪ್ಪಣೆ. ಆದರೆ ವ್ಯಾಕರಣಕ್ಕೆ ಸಿಕ್ಕಿಬೀಳದೆ, ಅರ್ಥದಲ್ಲಿ ಮಾತ್ರ ಅರಿಗಳಾಗಿರುವ ಜೋಡಿಗಳೂ ಕೆಲವುಂಟು. ‘ವೃತ್ತಿಪರ ಆಟಗಾರ’ ಎಂಬುದು ಅಂಥದೊಂದು. ಹೊಟ್ಟೆಯ ಚಿಂತೆ ಇಲ್ಲದ ಹೊತ್ತಿನಲ್ಲಿ ಮಾಡುವುದು ಆಟ; ಹೊಟ್ಟೆಯ ಚಿಂತೆಯಿಂದಲೇ ಮಾಡುವುದು ವೃತ್ತಿ. ಎರಡನ್ನೂ ಒಂದೇ ನೊಗಕ್ಕೆ ಹೂಡಿದರೆ ಗಾಡಿ ಯಾವ ಕಡೆಗೆ ಹೋದೀತು?

ಹಾಗೆಂದು ಹೊಟ್ಟೆಗಾಗಿ ಆಡುವವರನ್ನು ನಮ್ಮ ಮಲೆನಾಡು ಕಂಡಿಲ್ಲವೆಂದಲ್ಲ. ದೀಪಾವಳಿ ಕಳೆದ ಮೇಲೆ ಯಕ್ಷಗಾನದ ಮೇಳಗಳು ಗೆಜ್ಜೆ ಕಟ್ಟಿಕೊಂಡು ಹೊರಡುತ್ತವೆ. ಘಟ್ಟ ಹತ್ತಿ ಕಳಸ, ಹೊರನಾಡುಗಳ ಕಡೆಗೂ ಬರುತ್ತವೆ. ಅದಕ್ಕೆ ‘ತಿರುಗಾಟ’ವೆಂದು ಹೆಸರು. ಊರಿಂದೂರಿಗೆ ಹೋಗಬೇಕು, ರಾತ್ರಿ ನಿದ್ದೆಗೆಟ್ಟು ಕುಣಿಯಬೇಕು, ಮಳೆಗಾಲಕ್ಕೆ ಮನೆ ಸೇರಬೇಕು. ಗಾಲ್ಫ್ ಎಂಬ ಆಟದಲ್ಲಿ ಹಣಕ್ಕಾಗಿ ಆಡುವವರೂ ಹೀಗೆಯೇ ಊರಿಂದೂರಿಗೆ ಅಲೆಯುತ್ತಾರೆ. ನಮ್ಮ ದೇಶದಲ್ಲಿ 2006ರಲ್ಲಿ ಅವರಿಗಾಗಿ ‘ಟೂರ್’ ಒಂದು ಹುಟ್ಟಿಕೊಂಡಿತು. ಅದನ್ನು ‘ಪ್ರವಾಸ’ ಎಂದು ಕರೆದರೆ ಜೋಗ ನೋಡಲು ಹೊರಟವರಂತೆ ಕೇಳುತ್ತದೆ. ತಿರುಗಾಟವೆಂದರೆ ಸರಿಯಾದೀತೆಂದು ನನ್ನ ಅಭಿಪ್ರಾಯ. ಆದರೆ ಕನ್ನಡ ಅಧ್ಯಾಪಕನ ಅಭಿಪ್ರಾಯವನ್ನು ಕ್ರೀಡಾವಿಭಾಗದವರು ಯಾವ ಕಾಲದಲ್ಲಿ ಕೇಳಿದ್ದಾರೆ!

ಈ ಕಸುಬಿನ ಮೊದಲ ಪಂದ್ಯಾವಳಿ ನಡೆದುದು 1860ರ ಅಕ್ಟೋಬರಿನಲ್ಲಿ, ಸ್ಕಾಟ್ಲೆಂಡಿನ ಪ್ರೆಸ್ಟ್‌ವಿಕ್ ಎಂಬ ಊರಿನಲ್ಲಿ. ಮೈದಾನವೂ ಆಗ ಹೊಸದೇ. ಒಂಬತ್ತು ವರ್ಷದ ಹಿಂದೆಯಷ್ಟೇ ಸಿದ್ಧವಾಗಿದ್ದುದು. ಆಡಿದವರು ಎಂಟೇ ಮಂದಿ. ಹನ್ನೆರಡು ಗುಳಿಗಳ ಅಂಗಳವನ್ನು ಒಂದೇ ದಿನ ಮೂರು ಸಲ ಸುತ್ತಿದರು. 174 ಏಟುಗಳಲ್ಲಿ ಮುಗಿಸಿದ ವಿಲ್ಲಿ ಪಾರ್ಕ್ ಎಂಬವನು ಗೆದ್ದನು. ಬಹುಮಾನವೇನು? ಕೆಂಪು ಚರ್ಮದ ಒಂದು ಸೊಂಟಪಟ್ಟಿ. ನಗದು ಒಂದು ಕಾಸೂ ಇಲ್ಲ. ಈ ಎಂಟು ಮಂದಿ ಯಾರೆಂದರೆ, ಶ್ರೀಮಂತರ ಆಟಕ್ಕೆ ಚೆಂಡು, ಕೋಲು ಮಾಡಿಕೊಡುವವರು, ಅವರ ಚೀಲ ಹೊರುವವರು, ಹುಲ್ಲು ನೋಡಿಕೊಳ್ಳುವವರು. ಅಂಥವರಿಗೆ ಕ್ಲಬ್ಬಿನ ಮುಂಬಾಗಿಲು ಬಹುಕಾಲ ಮುಚ್ಚಿಯೇ ಇತ್ತು. ಅಮೆರಿಕದ ಟೊಲೀಡೊ ಪಟ್ಟಣದ ಕ್ಲಬ್ಬೊಂದು 1920ರಲ್ಲಿ ತನ್ನ ರಾಷ್ಟ್ರೀಯ ಪಂದ್ಯಾವಳಿಗೆ ಬಂದ ವೃತ್ತಿಪರರನ್ನು ಒಳಗೆ ಕರೆಯಿತು. ಆ ಆಟಗಾರರು ಕೃತಜ್ಞತೆಯಿಂದ ಚಂದಾ ಎತ್ತಿ ದೊಡ್ಡ ಗಡಿಯಾರವೊಂದನ್ನು ಕೊಟ್ಟರಂತೆ. ಬಾಗಿಲು ತೆರೆದುದಕ್ಕೆ ಗಡಿಯಾರ! ಎಷ್ಟು ಹೊತ್ತು ಹೊರಗೆ ನಿಂತಿದ್ದೆವೆಂದು ಲೆಕ್ಕ ಹಾಕಲಿಕ್ಕೋ ಏನೋ.

ನಮ್ಮಲ್ಲಿಯೂ ಕತೆ ಬೇರೆಯಲ್ಲ. ಇಂಡಿಯನ್ ಓಪನ್ 1964ರಲ್ಲಿ ಆರಂಭವಾಯಿತು, ಮರುವರ್ಷವೇ ಪಿ. ಜಿ. ಸೇಥಿ ಎಂಬ ಭಾರತೀಯರು ಗೆದ್ದರು. ಅವರು ಹವ್ಯಾಸಿ ಆಟಗಾರರು. ಹೊಟ್ಟೆಪಾಡಿಗೆ ಆಡುವ ಭಾರತೀಯನೊಬ್ಬ ಅದನ್ನು ಗೆಲ್ಲಲು 1991ರವರೆಗೆ ಕಾಯಬೇಕಾಯಿತು: ದಿಲ್ಲಿಯ ಅಲಿ ಶೇರ್, ಹಿಂದೆ ಪರರ ಚೀಲ ಹೊತ್ತವರು. 2009ರಲ್ಲಿ ಗೆದ್ದ ನಮ್ಮ ಬೆಂಗಳೂರಿನ ಸಿ. ಮುನಿಯಪ್ಪನವರೂ ಕ್ಯಾಡಿಯ ಕೆಲಸದಿಂದಲೇ ಮೇಲೆ ಬಂದವರು.

ಇಷ್ಟೆಲ್ಲ ವಿಚಾರ ನನ್ನ ತಲೆಯೊಳಗೆ ಹೊಕ್ಕುದು ನನ್ನ ಸೋದರಮಾವನ ದೆಸೆಯಿಂದ. ಮೂಡಿಗೆರೆ ಸೀಮೆಯಲ್ಲಿ ಅವರದೊಂದು ಮಧ್ಯಮ ಗಾತ್ರದ ಕಾಫಿ ತೋಟ. ತೋಟದ ಬುಡದಲ್ಲಿ, ಎರಡು ಗುಡ್ಡಗಳ ನಡುವೆ, ಹಳ್ಳದ ಎರಡೂ ದಡಕ್ಕೆ ಹಬ್ಬಿದ ಗದ್ದೆಯ ಬಯಲು. ಮಲೆನಾಡಿನ ಮನೆಗಳಿಗೆ ತೋಟ ದುಡ್ಡು ಕೊಟ್ಟರೆ ಗದ್ದೆ ಅನ್ನ ಕೊಡುತ್ತಿತ್ತು. ಆದರೆ ಆಳಿನ ಕೂಲಿ ಏರಿ, ನಾಟಿಗೆ ಬರುವವರು ಇಲ್ಲವಾಗಿ, ಬಂದ ಪೈರನ್ನು ಹಂದಿ, ಆನೆಗಳು ಪಾಲು ಮಾಡಿಕೊಂಡು, ಒಬ್ಬೊಬ್ಬರಾಗಿ ಗದ್ದೆಗಳನ್ನು ಹಡ್ಲು ಬಿಟ್ಟರು. ಮಾವನದೂ ಹಡ್ಲೇ. 2012ರಲ್ಲಿ ನಗರದ ಮಹನೀಯರೊಬ್ಬರು ಕಾರಿನಲ್ಲಿ ಬಂದು ಆ ಬಯಲನ್ನು ಕಣ್ತುಂಬ ನೋಡಿ, “ಸುತ್ತ ಕಾಫಿ, ನಡುವೆ ನೀರು, ಗಾಲ್ಫಿಗೆ ದೇವರೇ ಮಾಡಿಟ್ಟ ಜಾಗ” ಎಂದರು. ದೀರ್ಘಕಾಲದ ಗುತ್ತಿಗೆಗೆ ಒಂದು ಮೊತ್ತವನ್ನೂ ಹೇಳಿದರು. ಮಾವನಿಗೆ ಆಗ ಬ್ಯಾಂಕಿನ ಸಾಲವಿತ್ತು, ಮಗಳ ಓದಿತ್ತು. ಅತ್ತೆ ಆ ಮೊತ್ತವನ್ನು ಎರಡು ಸಲ ಕೇಳಿ ತಿಳಿದುಕೊಂಡರು.

ಆ ಅಕ್ಟೋಬರಿನಲ್ಲಿ ಇಂಡಿಯನ್ ಓಪನ್ ಬೆಂಗಳೂರಿಗೆ ಬಂತು. ಕರ್ನಾಟಕ ಗಾಲ್ಫ್ ಅಸೋಸಿಯೇಷನ್ನಿನ ಮೈದಾನಕ್ಕೆ ಆ ಪಂದ್ಯಾವಳಿ ಹೊಸತು. ನವರಾತ್ರಿಯ ರಜೆ. ಮಾವ ಫೋನು ಮಾಡಿ, “ಅದೇನು ಆಟ ಅಂತ ಒಂದ್ಸಲ ನೋಡ್ಕೊಂಡು ಬರೋಣ ಮಾರಾಯ. ನೋಡದೆ ಗದ್ದೆ ಕೊಡೋದು ಹ್ಯಾಗೆ?” ಎಂದರು. ಹೆಣ್ಣು ಕೊಡುವ ಮುಂಚೆ ಗಂಡಿನ ಮನೆ ನೋಡಿಬರುವ ಧಾಟಿ. ನಾನು ಆಗ ಕೆಲಸಕ್ಕೆ ಸೇರಿ ಕೆಲವೇ ವರ್ಷವಾಗಿತ್ತು. ಹಿರಿಯರ ಮಾತಿಗೆ ಇಲ್ಲವೆನ್ನುವ ಧೈರ್ಯ ಇನ್ನೂ ಬಂದಿರಲಿಲ್ಲ.

ಎರಡನೆಯ ದಿನದ ಆಟಕ್ಕೆ ಹೋದೆವು. ಮಾವ ಬಿಳಿಯ ಪಂಚೆ ಉಟ್ಟು ಕೊಡೆ ಹಿಡಿದು ಬಂದಿದ್ದರು. ಮೊದಲು ಅವರಿಗೆ ಕಷ್ಟವಾದದ್ದು ಅಲ್ಲಿನ ಮೌನ. ಆಟಗಾರ ಕೋಲೆತ್ತಿದನೆಂದರೆ ಸ್ವಯಂಸೇವಕರು ಫಲಕವೆತ್ತಿ ಬಾಯಿ ಮುಚ್ಚಿಸುತ್ತಾರೆ. ಈ ಗುಡ್ಡದಿಂದ ಆ ಗುಡ್ಡಕ್ಕೆ ಕೂ ಹಾಕಿ ಮಾತಾಡಿ ಅಭ್ಯಾಸವಾದ ಜೀವ. ಅವರ ಪಿಸುಮಾತು ಕೂಡ ಹತ್ತು ಮಾರು ಕೇಳಿಸುತ್ತದೆ. ಎರಡು ಸಲ ಜನ ತಿರುಗಿ ನೋಡಿದರು. ಮೂರನೆಯ ಸಲ ಮಾವ ಬಗ್ಗಿ ಹುಲ್ಲನ್ನು ಮುಟ್ಟಿ, “ಇದು ಗರಿಕೆಯಲ್ಲವೇನೋ!” ಎಂದು ಉದ್ಗರಿಸಿದಾಗ ನಾನು ಬೇರೆ ಕಡೆ ನೋಡಿದೆ.

ಆದರೆ ಮಾತು ನಿಜ. ಬಿಸಿಲುನಾಡಿನ ಗಾಲ್ಫ್ ಮೈದಾನಗಳಲ್ಲಿ ಬೆಳೆಸುವ ಬರ್ಮುಡಾ ಹುಲ್ಲೆಂಬುದು ನಮ್ಮ ಗರಿಕೆಯೇ. ಗಣಪತಿಗೆ ಇಪ್ಪತ್ತೊಂದು ಎಸಳು ಏರಿಸುವ ಅದೇ ಗರಿಕೆ. ಗುಳಿಯ ಸುತ್ತಲಿನ ನಯವಾದ ಅಂಗಳಕ್ಕೆ ಅದನ್ನು ಆಫ್ರಿಕದ ಅದರ ದಾಯಾದಿಯೊಂದಿಗೆ ಕೂಡಿಸಿ ಹುಟ್ಟಿಸಿದ ತಳಿಗಳನ್ನು ಹಾಕುತ್ತಾರೆ. ಮೂರು-ನಾಲ್ಕು ಮಿಲಿಮೀಟರಿಗೆ ಕತ್ತರಿಸಿ, ನೀರೂಡಿಸಿ, ಗೊಬ್ಬರವಿಟ್ಟು, ರೋಗಕ್ಕೆ ಔಷಧಿ ಹೊಡೆದು ಸಾಕುತ್ತಾರೆ. ಕಾಫಿ ಬೆಳೆಗಾರನಿಗೆ ಗರಿಕೆಯೆಂದರೆ ಜನ್ಮವೈರಿ. ಕಿತ್ತಷ್ಟೂ ಗೆಣ್ಣಿನಿಂದ ಮತ್ತೆ ಚಿಗುರುತ್ತದೆ. “ನಲವತ್ತು ವರ್ಷದಿಂದ ಇದನ್ನ ಕೀಳೋಕೆ ಕೂಲಿ ಕೊಡ್ತಾ ಬಂದಿದೀನಿ. ಇಲ್ಲಿ ಬೆಳೆಸೋಕೆ ಸಂಬಳ ಕೊಡ್ತಾರೆ. ನಮ್ಮ ಹಡ್ಲಿಗೆ ಒಂದು ರಾತ್ರಿ ಹಂದಿ ಹೊಕ್ಕರೆ ಈ ರತ್ನಗಂಬಳಿ ಏನಾಗ್ಬೇಕು?” ಎಂದರು.

ಗುಳಿಯನ್ನೂ ಹತ್ತಿರದಿಂದ ಕಂಡೆವು. ಅದರ ಅಗಲ ನಾಲ್ಕೂಕಾಲು ಅಂಗುಲ, 108 ಮಿಲಿಮೀಟರು. 1891ರಲ್ಲಿ ನಿಗದಿಯಾದದ್ದು ಇಂದಿಗೂ ಬದಲಾಗಿಲ್ಲ. ನಾನೂರು ಗಜ ದೂರದಿಂದ ಹೊರಟ ಚೆಂಡು ನಾಲ್ಕು ಏಟಿನೊಳಗೆ ಅಲ್ಲಿ ಬೀಳಬೇಕು. ಮಳೆಗಾಲದಲ್ಲಿ ನಮ್ಮ ಅಜ್ಜಿಯರು ಹದಿನಾಲ್ಕು ಗುಳಿಗಳ ಚೆನ್ನೆಮಣೆಯನ್ನು ಮಡಿಲಲ್ಲಿಟ್ಟುಕೊಂಡು ಆಡುತ್ತಿದ್ದರು. ಇಲ್ಲಿ ಹದಿನೆಂಟು ಗುಳಿಗಳಿಗೆ ನೂರಕ್ಕೂ ಮಿಕ್ಕ ಎಕರೆ ಬೇಕು.

ನಡುವೆ ಮರದ ನೆರಳಿನಲ್ಲಿ ಬಿಡುವಾಗಿ ನಿಂತಿದ್ದ ಕ್ಯಾಡಿಯೊಬ್ಬನೊಡನೆ ಮಾವ ಮಾತಿಗಿಳಿದರು. ಹತ್ತಿರದ ಹಳ್ಳಿಯ ಹುಡುಗ. ಯಾವ ಕೋಲಿಗೆ ಎಷ್ಟು ಗಜ, ಗಾಳಿ ಯಾವ ಕಡೆ, ಹುಲ್ಲಿನ ಒಲವು ಯಾವ ಕಡೆ ಎಂದು ಪಾಠ ಒಪ್ಪಿಸಿದಂತೆ ಹೇಳಿದ. ಕೊನೆಗೆ ಕೈ ಬೀಸಿ ಸುತ್ತ ತೋರಿಸಿ, “ನಮ್ಮಪ್ಪನ ಕಾಲದಲ್ಲಿ ಇದು ಚಲ್ಲಘಟ್ಟದ ಕೆರೆ ಸಾರ್. ಇಲ್ಲೇ ಎಮ್ಮೆ ಮೈ ತೊಳೀತಿದ್ರು” ಎಂದ. ಅವನ ದನಿಯಲ್ಲಿ ದೂರೇನೂ ಇರಲಿಲ್ಲ. ಆ ಮೈದಾನ ಅವನಿಗೆ ಅನ್ನ ಕೊಡುತ್ತಿತ್ತು. ಮುನಿಯಪ್ಪನವರ ಹೆಸರು ಹೇಳುವಾಗ ಅವನ ಮುಖವರಳಿತು. ಮಾವ ಮಾತ್ರ ಕೆರೆಯ ಮಾತು ಬಂದ ಮೇಲೆ ಮತ್ತೇನೂ ಕೇಳಲಿಲ್ಲ.

ಸಂಜೆಯ ಹೊತ್ತಿಗೆ ‘ಕಟ್’ ಎಂಬುದು ಬಂತು. ನಾಲ್ಕು ದಿನದ ಪಂದ್ಯದಲ್ಲಿ ಎರಡು ದಿನ, ಮೂವತ್ತಾರು ಗುಳಿ ಆಡಿದ ಮೇಲೆ ಅರ್ಧದಷ್ಟು ಜನರನ್ನು ಮನೆಗೆ ಕಳಿಸುತ್ತಾರೆ. ಉಳಿದವರಿಗಷ್ಟೇ ಹಣದಲ್ಲಿ ಪಾಲು. ಹೋದವರಿಗೆ ಬಸ್ಸು, ವಸತಿ, ಚೀಲ ಹೊತ್ತವನ ಕೂಲಿ, ಎಲ್ಲವೂ ಕೈಯಿಂದಲೇ. ಹೆಸರು ತಿಳಿಯದ ಒಬ್ಬ ಯುವಕ ಹಿಂಭಾಗದಲ್ಲಿ ಕಲ್ಲಿನ ಮೇಲೆ ಕುಳಿತು, ಶೂ ಬಿಚ್ಚಿ, ಕಾಲುಚೀಲದೊಳಗಿನ ಹುಲ್ಲನ್ನು ಒಂದೊಂದಾಗಿ ತೆಗೆಯುತ್ತಿದ್ದ. ಫೋನಿನಲ್ಲಿ ಯಾರಿಗೋ, “ಒಂದೇ ಏಟು ಅಮ್ಮ, ಒಂದೇ” ಎನ್ನುತ್ತಿದ್ದ. ಮಾವ ನಿಂತುಬಿಟ್ಟರು. ನನಗೆ ಮೆಲ್ಲನೆ, ಅಂದು ಮೊತ್ತಮೊದಲಿಗೆ ನಿಜವಾಗಿಯೂ ಮೆಲ್ಲನೆ, ಹೇಳಿದರು: “ಹೂ ಮಳೆ ತಪ್ಪಿದ ಹಾಗೆ ಕಣೋ.”

ಇದರ ಅರ್ಥ ಕಾಫಿಯವರಿಗೆ ಗೊತ್ತು. ಫೆಬ್ರವರಿಯ ಕೊನೆಗೋ ಮಾರ್ಚಿಗೋ ಒಂದು ಅಂಗುಲ ಮಳೆ ಬಿದ್ದರೆ ಎಂಟು-ಹತ್ತು ದಿನದಲ್ಲಿ ತೋಟವೆಲ್ಲ ಹೂವಾಗಿ ಮಲ್ಲಿಗೆಯಂತೆ ಘಮಘಮಿಸುತ್ತದೆ. ಆಮೇಲೆ ಕೆಲವು ವಾರದಲ್ಲಿ ಇನ್ನೊಂದು ಮಳೆ, ಕಾಯಿ ಕಚ್ಚುವುದಕ್ಕೆ. ಒಂದು ತಪ್ಪಿದರೂ ವರ್ಷದ ಕಳೆ, ಗೊಬ್ಬರ, ಮರಗಸಿಯ ಖರ್ಚೆಲ್ಲ ನೀರಿನಲ್ಲಿಟ್ಟ ಹೋಮ. ಚೆನ್ನಾಗಿ ದುಡಿದದ್ದಕ್ಕೆ ಸಾಕ್ಷಿಯಿರುತ್ತದೆ, ಕೂಲಿಯಿರುವುದಿಲ್ಲ.

ಭಾನುವಾರ ಗೆದ್ದವರು ಥಾಯ್ಲೆಂಡಿನ ಥಾವೊರ್ನ್ ವಿರಾಚಂತ್. ಅವರಿಗೆ ಆಗ ನಲವತ್ತೈದು. ಆಗ ಅದನ್ನು ಓದಿ ಮುದುಕನೊಬ್ಬ ಗೆದ್ದನೆಂದುಕೊಂಡಿದ್ದೆ. ಈಗ ಆ ವಯಸ್ಸಿನ ಅಂಚಿಗೆ ನಾನೇ ಬಂದಿರುವುದರಿಂದ ಆ ವಿಶೇಷಣವನ್ನು ಹಿಂತೆಗೆದುಕೊಂಡಿದ್ದೇನೆ.

ಮಾವ ಗದ್ದೆ ಕೊಡಲಿಲ್ಲ. ಕಾರಣವನ್ನು ಯಾರಿಗೂ ಹೇಳಲಿಲ್ಲ. ಸಾಲ ತೀರಿಸಲು ಬೇರೆ ಕಡೆಯ ಎರಡೆಕರೆ ಮಾರಿದರು. ಅತ್ತೆ ಒಂದು ಮಳೆಗಾಲವಿಡೀ ಸರಿಯಾಗಿ ಮಾತಾಡಲಿಲ್ಲ. ಹಳ್ಳದ ದಂಡೆಯ ಅರ್ಧ ಗದ್ದೆಯಲ್ಲಿ ಮತ್ತೆ ನಾಟಿ ಹಾಕಿಸಿದರು. ಲಾಭವಂತೂ ಆಗಲಿಲ್ಲ.

ಗಾಲ್ಫನ್ನು ಮಾತ್ರ ಬಿಡಲಿಲ್ಲ. 2021ರ ಆಗಸ್ಟ್ 7, ಟೋಕಿಯೋ ಒಲಿಂಪಿಕ್ಸಿನಲ್ಲಿ ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಪದಕಕ್ಕಾಗಿ ಆಡಿದ ಬೆಳಿಗ್ಗೆ ಇಲ್ಲಿ ಜಡಿಮಳೆ, ಕರೆಂಟಿಲ್ಲ. ಆಕೆ ಎಳವೆಯಲ್ಲಿ ಆಟ ಕಲಿತುದು ನಾವು ಕಂಡ ಆ ಮೈದಾನದಲ್ಲಿಯೇ. ಮಾವ ಜೀಪಿನ ಬ್ಯಾಟರಿಯಿಂದ ಫೋನಿಗೆ ಜೀವ ಕೊಟ್ಟು ನೋಡುತ್ತಿದ್ದರಂತೆ. ಅಲ್ಲಿಯೂ ಗುಡುಗುಮಳೆ ಬಂದು ಆಟ ಕೆಲಹೊತ್ತು ನಿಂತಿತು. ಕೊನೆಯ ಗುಳಿಯಲ್ಲಿ ಆಕೆ ದೂರದಿಂದ ತಳ್ಳಿದ ಚೆಂಡು ಬಾಯಿಯ ಪಕ್ಕದಲ್ಲಿ ಹಾದುಹೋಯಿತು. ನಾಲ್ಕನೆಯ ಸ್ಥಾನ, ಕಂಚಿಗೆ ಒಂದೇ ಏಟು ಕಡಿಮೆ. ಕೂಡಲೇ ಮಾವನ ಫೋನು ಬಂತು. ಅದೇ ಎರಡು ಮಾತು: “ಒಂದೇ ಏಟು ಕಣೋ, ಒಂದೇ.”

ಈಗ ತೋಟದ ಲೆಕ್ಕಪತ್ರ ಮಾವನ ಮಗಳ ಕೈಯಲ್ಲಿದೆ. ಕುಯ್ಲಿಗೆ ಅಸ್ಸಾಮಿನಿಂದ ಬಂದವರನ್ನು ನಂಬಿಕೊಂಡು ನಡೆಸುತ್ತಾಳೆ. ನನಗಿಂತ ಚೆನ್ನಾಗಿ ಲೆಕ್ಕ ಬಲ್ಲವಳು. ಗದ್ದೆಗೆ ಅಡಿಕೆ ಹಾಕೋಣವೆಂದರೆ ಕಳಸದ ಕಡೆ ಎಲೆಚುಕ್ಕಿ ರೋಗ ತೋಟಗಳನ್ನು ಒಣಗಿಸಿದ್ದನ್ನು ಕಂಡಿದ್ದಾಳೆ. ಕಾಫಿಗೆ 2024ರಿಂದೀಚೆಗೆ ಒಳ್ಳೆಯ ಬೆಲೆ ಬಂದ ಮೇಲೆ ಭತ್ತದ ಮಾತೆತ್ತುವವರನ್ನು ಮರುಕದಿಂದ ನೋಡುತ್ತಾಳೆ. ಹೋದ ತಿಂಗಳು ಹೋದಾಗ ಅಕ್ಕಿರೊಟ್ಟಿ ಬಡಿಸುತ್ತ, “ಭಾವ, ಇನ್ನೊಂದು ಪಾರ್ಟಿ ಬಂದಿತ್ತು. ಅಪ್ಪಯ್ಯನಿಗೆ ನೀವೇ ಹೇಳಿ” ಎಂದಳು. ಚಿಕ್ಕಮಗಳೂರಿನಲ್ಲಿ ಕಾಫಿ ತೋಟಗಳ ನಡುವೆಯೇ ಗಾಲ್ಫ್ ಆಡುತ್ತಿರುವುದನ್ನು ನೆನಪಿಸಿದಳು. ಅವಳ ಅಂಕಿಗಳಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಆದರೂ ನಾನು ಮಾವನ ಕಡೆಯವನೇ. ಹಾಗೆಂದು ಅವಳಿಗೆ ಹೇಳಿಯೂ ಹೇಳಿದೆ. ತಟ್ಟೆಗೆ ಎರಡನೆಯ ರೊಟ್ಟಿ ಬರಲು ತುಸು ತಡವಾಯಿತು.

ಮಾವ ಆಗ ಮನೆಯಲ್ಲಿರಲಿಲ್ಲ. ರಾತ್ರಿ ಹಂದಿ ಬಂದು ಬದು ಕೆಡವಿತ್ತೆಂದು, ಗುದ್ದಲಿ ಹಿಡಿದು ಗದ್ದೆಗೆ ಇಳಿದಿದ್ದರು.